ಸೆಲ್ವಿಯಕ್ಕನ ಬಾಯಿಗೆ ನನ್ನ ಅಳು

ಮೊದಲೇ ಹೇಳಿಬಿಡುತ್ತೇನೆ, ಸೆಲ್ವಿಯಕ್ಕ ಅತ್ತಿರಲಿಲ್ಲ. ಅತ್ತವನು ನಾನು. ಪುತ್ತೂರಿನ ಒಂದು ಇಕ್ಕಟ್ಟು ಸ್ಟುಡಿಯೋದಲ್ಲಿ, ಸದ್ದಾಗುತ್ತದೆಂದು ಫ್ಯಾನ್ ಆರಿಸಿ, ಬನಿಯನ್ನಿನಲ್ಲಿ ಬೆವರುತ್ತ ಕೂತು, ಇಷ್ಟು ದಪ್ಪ ಮೀಸೆಯ ನಾನು ನಿವೃತ್ತಿಯ ಅಂಚಿನ ಹೆಂಗಸಿನ ದನಿ ತೆಗೆದು ಬಿಕ್ಕಿದೆ. ಯಾರೂ ಹೇಳದಿದ್ದರೂ ಸೊರ್ರೆಂದು ಮೂಗನ್ನೂ ಏರಿಸಿದೆ. ಮಾನವ ಹಕ್ಕುಗಳ ಸಾಕ್ಷ್ಯಚಿತ್ರೋತ್ಸವದವರು ಬೆನ್ನು ತಟ್ಟಿದರು.

ನನ್ನೂರು ಇಳಕಲ್ಲಿನಲ್ಲಿ ನಾನು ಕಂಡವರ ದನಿಯನ್ನೆಲ್ಲ ತೆಗೆಯುವುದಕ್ಕೆ ಹೆಸರಾದವನು. ಹೆಡ್‌ಮಾಸ್ತರರ ಕೆಮ್ಮು, ಶಾಸಕರ ಭಾಷಣ, ಸೋದರಮಾವನ ಗೊರಕೆ, ಯಾವುದನ್ನೂ ಬಿಟ್ಟವನಲ್ಲ. ಆ ಬಾಯನ್ನೇ ನಂಬಿ ಪುತ್ತೂರಿನ ಧ್ವನಿವರ್ಧಕದ ಅಂಗಡಿಯಲ್ಲಿ ಅನೌನ್ಸರ್ ಕೆಲಸಕ್ಕೆ ಬಂದೆ. ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮಾಲೀಕ ಮೋನು ಕಾಕನ ಮನೆಯಲ್ಲಿ ಬ್ಯಾರಿ ಭಾಷೆ, ಅಂಗಡಿಯಲ್ಲಿ ತುಳು, ನನ್ನೊಡನೆ ಪಠ್ಯಪುಸ್ತಕದ ಕನ್ನಡ. ಮೊದಲ ದಿನ ತಟ್ಟೆಗೆ ಬಿದ್ದ ಕುಚ್ಚಲಕ್ಕಿ ಅನ್ನದ ಅಗುಳು ನೋಡಿ, ಇನ್ನೂ ಬೆಂದಿಲ್ಲವೆಂದು ಸುಮ್ಮನೆ ಕಾಯುತ್ತ ಕೂತೆ. ನಮ್ಮಲ್ಲಿ ಜಗಳ ಶುರುವಾಗುವ ಮುಂಚೆಯೇ ಓಣಿಗೆಲ್ಲ ಕೇಳಿಸುತ್ತದೆ. ಇಲ್ಲಿ ಇಬ್ಬರು ಜನ್ಮದ ವೈರಿಗಳಾಗಿ ಬೇರೆಯಾದರೂ ಕೇಳಿಸುವುದು "ಆಯ್ತು ಮಾರಾಯ್ರೆ" ಎಂಬುದೊಂದೇ.

ನಾನೂ ಬಿಡಲಿಲ್ಲ, ಕದ್ದು ಕಲಿತೆ. ಒಂದು ದಿನ ಪುತ್ತೂರಿನ ಪಕ್ಕದ ಸವಣೂರಿಗೆ ಹೋಗುವ ಬಸ್ಸಿನಲ್ಲಿ "ಒಂದು ಸವಣೂರು ಕೊಡಿ ಮಾರಾಯ್ರೆ" ಎಂದಾಗ ಕಂಡಕ್ಟರ್, "ಸವಣೂರಲ್ಲಿ ನಿಮ್ಮದು ಎಲ್ಲಿ ಆಯ್ತು?" ಎಂದು ಕೇಳಿದ. ಆ ಊರಿನವನೆಂದೇ ನಂಬಿದನಲ್ಲ ಎಂದು, ಸನ್ಮಾನವಾದಷ್ಟು ಹಿಗ್ಗಿದೆ. ಅದೇ ಹಿಗ್ಗಿನಲ್ಲಿ ಅವ್ವನಿಗೆ ಫೋನ್ ಮಾಡಿ "ಎಂತ ಮಾಡ್ತಾ ಇದ್ದೀರಿ?" ಎಂದೆ. "ಯಾರ್ ಮಾತಾಡೂದ್ರಿ?" ಎಂದಳು. ನಕ್ಕೆ. ಆಮೇಲೆ ಬಹಳ ಹೊತ್ತು ಯಾರ ದನಿಯನ್ನೂ ತೆಗೆಯುವ ಮನಸ್ಸಾಗಲಿಲ್ಲ.

ಹಾಗಿರುವಾಗ ಚಿತ್ರೋತ್ಸವ ಬಂತು. ಪುತ್ತೂರು, ಕಡಬ, ಸುಳ್ಯ, ಮೂರೂ ಕಡೆ ಚಿತ್ರ, ಬಳಿಕ ಸಂವಾದ, ಮೈಕು ನಮ್ಮ ಅಂಗಡಿಯದು. ನಿರ್ದೇಶಕರು ಬೆಂಗಳೂರಿನವರು. ಸೆಕೆಯಲ್ಲೂ ಕೊರಳಿಗೆ ಉಣ್ಣೆಯ ಶಾಲು. ಸುಳ್ಯದ ಕಡೆಯ ರಬ್ಬರ್ ತೋಟವೊಂದರ ಲೈನ್‌ಮನೆಗಳ ಬಗ್ಗೆ ಅವರ ಚಿತ್ರ. ಸಿಲೋನಿನ ಚಹಾ ತೋಟಗಳಿಂದ ಬಂದ ತಮಿಳರ ಮಕ್ಕಳು ತೋಟದಲ್ಲಿ ದುಡಿಯುತ್ತ, ತೋಟದವರು ಕೊಟ್ಟ ಆ ಸಾಲುಮನೆಗಳಲ್ಲಿದ್ದಾರೆ. ಅವರಲ್ಲೊಬ್ಬಳು, ಇಲ್ಲೇ ಹುಟ್ಟಿದ ಸೆಲ್ವಿಯಕ್ಕನೂ ಊರವರ ಬಾಯಲ್ಲಿ ಇನ್ನೂ "ಸಿಲೋನಿನವಳು". ಎರಡು ವರ್ಷದ ಹಿಂದೆ ಬಂದ ನಾನು ಸವಣೂರಿನವನು!

ರಬ್ಬರ್ ಹಾಲು ಹಿಡಿಯುವ ಚಿಪ್ಪನ್ನು ಮರಕ್ಕೆ ಸಿಕ್ಕಿಸುತ್ತ, ಇವತ್ತು ಎಂತ ಸಾರು ಎಂದು ಹೇಳುವಷ್ಟು ತಣ್ಣಗೆ ಅವಳು ಕ್ಯಾಮೆರಾಕ್ಕೆ ಹೇಳಿದ್ದಳು: "ರಿಟೈರ್ ಆದ್ರೆ ಮನೆ ಬಿಡ್ಬೇಕಂತೆ. ಜಾಗ ಕೊಡ್ಲಿ, ಬಿಡ್ತೇವೆ. ಕೊಡುವವರೆಗೆ ಬಿಡುದಿಲ್ಲ." ತಮಿಳು, ತುಳು, ಕನ್ನಡ ಎಲ್ಲ ಕಲಸಿದ ಮಾತು.

"ಇದು ಜನಕ್ಕೆ ಅರ್ಥ ಆಗಲ್ಲ. ನೀವು ಹೆಂಗಸರ ದನಿನೂ ತೆಗೀತೀರಂತಲ್ಲ, ಡಬ್ ಮಾಡಿ" ಎಂದರು ನಿರ್ದೇಶಕರು. "ಕೊನೇ ಸಾಲು ತುಂಬಾ ಒರಟು, ಅದು ಬೇಡ. ಸ್ವಲ್ಪ ಕಣ್ಣೀರು ಹಾಕಿ. ಜನ ಕನೆಕ್ಟ್ ಆಗ್ಬೇಕು."

ಹಾಕಿದೆ. "ನಾವು ಎಲ್ಲಿಗೆ ಹೋಗುದು ಸ್ವಾಮೀ..." ಎಂದು ನನ್ನದೇ ಒಂದು ಸಾಲನ್ನೂ ಸೇರಿಸಿದೆ.

ಪುತ್ತೂರಿನಲ್ಲಿ ಸಭಾಂಗಣವೇ ಮೂಗೊರೆಸಿಕೊಂಡಿತು. ದೀಪ ಹತ್ತಿದ ಕೂಡಲೇ ಗೋಳಿಬಜೆಗೆ ಸಾಲು ನಿಂತಿತು. ಎಣ್ಣೆ ಬೆರಳಿನವರೊಬ್ಬರು "ಎಂಥ ಅಳು ಮಾರಾಯ್ತಿ, ಕರುಳು ಕಿತ್ತು ಬಂತು" ಎನ್ನುತ್ತ ಇನ್ನೊಂದು ತಟ್ಟೆಗೆ ಕೈಹಾಕಿದರು. ಕಡಬದಲ್ಲಿ "ದನಿ ಇಲ್ಲದವರ ದನಿ" ಎಂಬ ವಿಷಯದ ಮೇಲೆ ಮೂವರು ಮೈಕು ಬಿಡದೆ ಮಾತಾಡಿದರು. ಲೈನ್‌ಮನೆಯವರನ್ನು ಕರೆದೇ ಇರಲಿಲ್ಲ. ನನಗೆ ಹೇಸಿಗೆಯಾಯಿತು, ನಿಜ. ಆದರೆ ನನ್ನ ಬಿಕ್ಕು ಬರುವಾಗ ಎಷ್ಟು ಜನ ಕರವಸ್ತ್ರ ತೆಗೆಯುತ್ತಾರೆಂದು ಹಿಂದೆ ನಿಂತು ನೋಡುತ್ತಿದ್ದೆನಲ್ಲ, ಅದಕ್ಕಿಂತ ದೊಡ್ಡ ಹೇಸಿಗೆ ಯಾವುದು?

ಸುಳ್ಯಕ್ಕೆ ಮಾತ್ರ ಸೆಲ್ವಿಯಕ್ಕನನ್ನು ಕರೆಸಿದ್ದರು, ಶಾಲು ಹೊದಿಸಲಿಕ್ಕೆ. ಅವಳು ಬಂದದ್ದು ಶಾಲಿಗಲ್ಲ. ಮುಖ್ಯ ಅತಿಥಿ ತೋಟದ ಅಧಿಕಾರಿ. ಮುಂದಿನ ತಿಂಗಳು ಅವಳ ನಿವೃತ್ತಿ. ತಾನು ಹೇಳಿದ್ದನ್ನು ಆತ ನಾಲ್ಕು ಜನರೆದುರು ಕೂತು ಕೇಳಲಿ ಎಂದು ಲೈನ್‌ಮನೆಯವರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು.

ಪರದೆಯ ಮೇಲೆ ಅವಳ ಬಾಯಿ ತೆರೆಯಿತು, ನನ್ನ ಬಿಕ್ಕು ಹೊರಬಿತ್ತು. ಲೈನ್‌ಮನೆಯವರು ತಿರುಗಿ ಅವಳನ್ನು ನೋಡಿದರು. ಅವಳು ಸ್ಪೀಕರ್ ಡಬ್ಬವನ್ನು ನೋಡಿದಳು.

ಚಿತ್ರ ಮುಗಿದ ಮೇಲೆ ಅಧಿಕಾರಿ ಎದ್ದು ಮೈಕು ಹಿಡಿದರು. "ಅಳ್ಬೇಡಿ ಅಮ್ಮ. ಮಾನವೀಯತೆಯ ನೆಲೆಯಲ್ಲಿ ಮೂರು ತಿಂಗಳು ಹೆಚ್ಚು ಇರಿ. ಮತ್ತೆ ಮನೆಯ ಕೀ ಕೊಟ್ರೆ ಸಾಕು." ಜೋರು ಚಪ್ಪಾಳೆ. ನಿರ್ದೇಶಕರೂ ತಟ್ಟಿದರು.

ಶಾಲು ಹೊದಿಸಲು ಬಂದ ಕೈಯನ್ನು ಸೆಲ್ವಿಯಕ್ಕ ಮೆಲ್ಲನೆ ಸರಿಸಿ ಮೈಕಿನ ಹತ್ತಿರ ಬಂದಳು. "ನಾನು ಅಳ್ಲಿಲ್ಲ ಸಾರ್. ಕೀಯ ಮಾತು ನಾನು ಹೇಳಿದ್ದೇ ಬೇರೆ. ಜಾಗ ಕೊಡುವವರೆಗೆ ಬಿಡುದಿಲ್ಲ. ಈಗ ಕೇಳಿತಲ್ಲ?"

ಚಪ್ಪಾಳೆ ಹಿಂದಿನ ಸಾಲಿನಿಂದ ಮಾತ್ರ ಬಂತು, ಲೈನ್‌ಮನೆಯವರದು. ಅಧಿಕಾರಿಯ ಮುಖ ಬಿಗಿದುಕೊಂಡಿತು. ನಿರೂಪಕಿ "ಸಮಯದ ಅಭಾವದಿಂದ" ಎಂದು ಶುರುಮಾಡಿದಳು. ಸೆಲ್ವಿಯಕ್ಕ ಮೈಕು ಬಿಡಲಿಲ್ಲ.

"ಮತ್ತೆ ಅತ್ತದ್ದು ಯಾರು?"

ನಿರ್ದೇಶಕರು ಹೆಮ್ಮೆಯಿಂದಲೇ ನನ್ನ ಕಡೆ ಕೈತೋರಿಸಿದರು. ಎದ್ದು ನಿಂತೆ. ಹೊತ್ತಿಗೊಂದು ದನಿ ತೆಗೆಯುವ ಬಾಯಿಗೆ ಆ ಹೊತ್ತಿನಲ್ಲಿ ಕರಾವಳಿಯ ಒಂದು ಮಾತೂ ಸಿಗಲಿಲ್ಲ.

"ತಪ್ಪಾತ್ರಿ ಅಕ್ಕಾರ. ಅಳಾಕ ಹೇಳಿದ್ರು, ಅತ್ತೀನ್ರಿ."

ಅವಳು ನನ್ನ ಮೀಸೆಯನ್ನೊಮ್ಮೆ ನೋಡಿದಳು. "ನಿನ್ನ ಊರು ಯಾವುದು?"

"ಇಳಕಲ್ರಿ."

"ಅಲ್ಲಿ ಅಳ್ಲಿಕ್ಕೆ ಎಂತದೂ ಇಲ್ವಾ ತಂಬಿ, ಇಷ್ಟು ದೂರ ಬಂದು ನನ್ನದನ್ನು ಅಳ್ಲಿಕ್ಕೆ?"