ಅವ್ವ ಉಜ್ಜಿದ ಡಾಲರ್

ವಾರವಿಡೀ ಕುವೈತಿನ ಮೀನಾ ಅಬ್ದುಲ್ಲಾ ತೈಲ ಶುದ್ಧೀಕರಣ ಘಟಕದಲ್ಲಿ ಪೈಪುಗಳ ತುಕ್ಕು ಪರೀಕ್ಷಿಸುವುದು ನನ್ನ ಕೆಲಸ. ಶುಕ್ರವಾರ ರಾಯ್ ಬಡಾವಣೆಯ ಹಳೇ ಸಾಮಾನಿನ ಸಂತೆಯಲ್ಲಿ ಕಪ್ಪುಗಟ್ಟಿದ ಬೆಳ್ಳಿ ಹುಡುಕುವುದು ನನ್ನ ಹುಚ್ಚು.

ಹಳೆಯ ಅಮೆರಿಕನ್ ಬೆಳ್ಳಿ ಡಾಲರ್ ಅಂದರೆ ನನಗೆ ಪ್ರಾಣ. ಒಂದು ಬದಿ ಸ್ವಾತಂತ್ರ್ಯದೇವಿಯ ಮುಖ, ಇನ್ನೊಂದು ಬದಿ ರೆಕ್ಕೆ ಬಿಚ್ಚಿದ ಹದ್ದು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು, ಓದಿ ತಿಳಿದುಕೊಳ್ಳದೆ ಏನನ್ನೂ ಕೊಳ್ಳುವವನಲ್ಲ. ಅಯಸ್ಕಾಂತ ಹಿಡಿದು, ತೂಗಿ, ಹದ್ದಿನ ಎದೆಯ ಗರಿ ಸವೆದಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಚೌಕಾಸಿ.

ಒಮ್ಮೆ ಸಿಕ್ಕ ಡಾಲರಿನಲ್ಲಿ ಗರಿಯೆಲ್ಲ ಹಾಗೇ ಇತ್ತು. ನಡುವೆ ನೀಲಿ, ಆಮೇಲೆ ನೇರಳೆ, ಅಂಚಿಗೆ ಕಪ್ಪು. ಎಷ್ಟೋ ಕಾಲ ಯಾರೂ ಮುಟ್ಟದೆ ಬಿಟ್ಟಿದ್ದಕ್ಕೆ ಬಂದ ಬಣ್ಣ ಅದು. ಸಂಗ್ರಾಹಕರು ಬೆಲೆ ಕಟ್ಟುವುದೇ ಅದಕ್ಕೆ. ಖೈತಾನ್‌ನಲ್ಲಿ ಅತ್ತರಿನ ಅಂಗಡಿ ಇಟ್ಟಿರುವ ಮಂಗಳೂರು ಕಡೆಯ ಬ್ಯಾರಿ ಗೆಳೆಯರೊಬ್ಬರ ಬಳಿ, ಹದ್ದಿನ ಕೆಳಗೆ ಎರಡು ಪುಟ್ಟ ‘ಸಿ’ ಅಕ್ಷರವಿರುವ ಡಾಲರ್ ಇತ್ತು. ಎಂದೋ ಮುಚ್ಚಿಹೋದ ಟಂಕಸಾಲೆಯೊಂದರ ಗುರುತು ಅದು. ನನ್ನ ಸಂಗ್ರಹದಲ್ಲಿ ಅದೊಂದೇ ಇರಲಿಲ್ಲ. ನನ್ನ ನಾಣ್ಯ ನೋಡಿ ಅವರು ಅದಲು ಬದಲಿಗೆ ಒಪ್ಪಿದರು. ದೀಪಾವಳಿ ಮುಗಿದ ಶುಕ್ರವಾರ ಎಂದು ಮಾತಾಯಿತು.

ಆಗ ಅವ್ವ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಲಕ್ಷ್ಮೀಪೂಜೆಯ ಸಂಜೆ ಡ್ಯೂಟಿ ಮುಗಿಸಿ ಬಂದರೆ ನನ್ನ ಡಾಲರ್ ಅರಿಶಿನ ಕುಂಕುಮ ಹಚ್ಚಿಕೊಂಡು ದೇವರ ಮುಂದೆ ಥಳಥಳ ಹೊಳೆಯುತ್ತಿತ್ತು. ಅವ್ವ ಅದನ್ನು ಕವರಿನಿಂದ ತೆಗೆದು, ಊರಲ್ಲಿ ಲಿಂಗದ ಬೆಳ್ಳಿ ಕರಡಿಗೆ ಉಜ್ಜುವ ಹಾಗೆ ವಿಭೂತಿ ಹಾಕಿ ಉಜ್ಜಿದ್ದಳು.

“ಲಕ್ಷ್ಮೀ ಮುಂದ ಕರ್ರಗಿನ ಬೆಳ್ಳಿ ಇಡ್ತಾರೇನ್ ತಮ್ಮಾ?” ಅಂದಳು.

ಬೆಲೆ ಇದ್ದದ್ದೇ ಆ ಕಪ್ಪಿಗೆ ಎಂದು ಹೇಳಿಬಿಟ್ಟೆ. ಅವ್ವ ನಕ್ಕಳು. “ಹೊಲಸಿಗೆ ರೊಕ್ಕ ಕೊಡ್ತಾರ? ಇದನ್ನ ಕಲಿಯಾಕ ಅಷ್ಟ್ ವರ್ಷ ಸಾಲಿಗೆ ಹೋದ್ಯಾ?” ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. “ಮತ್ತ ಕರ್ರಗ ಮಾಡಾಕ ಬರಂಗಿಲ್ಲೇನ್?”

ಬರುವುದಿಲ್ಲ. ಶುಕ್ರವಾರ ಗೆಳೆಯರು ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದರು. ತುಂಬ ಸಣ್ಣ ಗೀರುಗಳು.

“ಇದು ಈಗ ಬರೇ ಬೆಳ್ಳಿ ಮಾರಾಯ್ರೆ, ನಾಣ್ಯ ಅಲ್ಲ” ಅಂದರು. ಅಮ್ಮನಿಗೆ ಮಾತ್ರ ಬೇಜಾರು ಮಾಡಬೇಡಿ ಎಂದು ಚಹಾ ತರಿಸಿದರು. ಎರಡು ‘ಸಿ’ಯ ಡಾಲರ್ ಅವರ ಪೆಟ್ಟಿಗೆಯಲ್ಲೇ ಉಳಿಯಿತು.

ಸಿಟ್ಟಿನಲ್ಲೇ ಮನೆಗೆ ಬಂದೆ. ಎದುರಿನ ಗೋಡೆಯ ಮೇಲೆ ನನ್ನ ಡಿಗ್ರಿ ಸರ್ಟಿಫಿಕೇಟ್. ಅದು ಹಾಳಾಗಬಾರದೆಂದು ಅವ್ವ ಊರ ಬಸ್‌ಸ್ಟ್ಯಾಂಡ್ ಹತ್ತಿರ ಲ್ಯಾಮಿನೇಷನ್ ಮಾಡಿಸಿದ್ದಳು. ಕುವೈತಿಗೆ ಹೊರಟಾಗ ಅಟೆಸ್ಟೇಷನ್ ಕೌಂಟರಿನವರು ಪ್ಲಾಸ್ಟಿಕ್ ಮೇಲೆ ಮುದ್ರೆ ಕೂರುವುದಿಲ್ಲ ಎಂದು ವಾಪಸು ಕೊಟ್ಟರು. ಇನ್ನೊಂದು ಪ್ರತಿ ತೆಗೆಸುವಷ್ಟರಲ್ಲಿ ಕೆಲಸವೇ ಕೈತಪ್ಪುವುದರಲ್ಲಿತ್ತು. ಮುದ್ರೆ ಬಿದ್ದ ಆ ಪ್ರತಿ ಫೈಲಿನಲ್ಲಿದೆ. ನನಗೆ ಅನ್ನ ಹಾಕಿದ್ದು ಅದೇ. ಆದರೂ ಗೋಡೆಗೆ ಹಾಕಬೇಕೆನಿಸಿದ್ದು ಅವ್ವ ಪ್ಲಾಸ್ಟಿಕ್ ಹೊದಿಸಿದ್ದನ್ನೇ. ಯಾಕೆಂದು ಅವತ್ತಿನವರೆಗೂ ಯೋಚಿಸಿರಲಿಲ್ಲ.

ಡಾಲರನ್ನು ಮತ್ತೆ ಕವರಿಗೆ ಹಾಕಲಿಲ್ಲ. ದೇವರ ಗೂಡಿನಲ್ಲೇ ಇದೆ. ಎಷ್ಟು ಕಪ್ಪಾದರೂ ಉಜ್ಜಿದ ಗೀರು ಬಲ್ಲವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಊರಿಗೆ ಹೋದ ಮೇಲೂ ಅವ್ವ ಫೋನಿನಲ್ಲಿ ಅದನ್ನು ವಿಚಾರಿಸುತ್ತಾಳೆ. ಅಂಚಿಗೆ ಸ್ವಲ್ಪ ಕರ್ರಗಾಗಾಕತ್ತೈತಿ ಅಂತ ಮೊನ್ನೆ ಹೇಳಿದೆ.

“ಇರ್ಲಿ, ಉಜ್ಜಬ್ಯಾಡ” ಅಂದಳು.