ಹನ್ನೊಂದು ಚೀಟಿಗಳ ಕಾದಂಬರಿ

ಮೂರು ವಾರದ ಹಿಂದೆ ನಾನೊಂದು ಇಂಗ್ಲಿಷ್ ಕಾದಂಬರಿಯನ್ನು ಜಪ್ತಿ ಮಾಡಿದೆ. ಅಂದಿನಿಂದ ಮೊನ್ನೆಯವರೆಗೆ ಹೆಂಡತಿ ನನ್ನೊಡನೆ ಮಾತು ಬಿಟ್ಟಿದ್ದಳು.

ಸದಾಶಿವ ಪೇಠೆಯ ನಮ್ಮ ಕನ್ನಡ ಸಂಘದ ವಾಚನಾಲಯದಲ್ಲಿ ಬುಧವಾರ ಮಧ್ಯಾಹ್ನ ಹೆಂಗಸರ ಸರದಿ. ಕಾಲೇಜಿಗೆ ಹೋಗುವ ನನ್ನ ತಂಗಿಯ ಮಗಳು ಕಮಲಾ ಇಂಗ್ಲಿಷ್ ಪುಸ್ತಕ ಓದಿ ಕನ್ನಡದಲ್ಲಿ ಹೇಳುತ್ತಾಳೆ. ನನ್ನ ಹೆಂಡತಿ ಮತ್ತು ಅವಳ ಗೆಳತಿಯರು ಹೂಬತ್ತಿ ಹೊಸೆಯುತ್ತ ಕೇಳುತ್ತಾರೆ. (ಆ ದಿನ ಬತ್ತಿಗಳು ಸ್ವಲ್ಪ ಸೊಟ್ಟ.)

ಈ ಸಲದ ಕತೆ ನೂರು ವರ್ಷ ಹಿಂದಿನ ವಿಲಾಯಿತಿಯದು. ಸೊಕ್ಕಿನ ಸರದಾರನೊಬ್ಬ, ನಾಲಿಗೆ ಚುರುಕಾದ ಹುಡುಗಿಯೊಬ್ಬಳು. ಕಂಡಲ್ಲಿ ಕಚ್ಚಾಡುತ್ತಾರೆ. ಆಮೇಲೆ? ಆಮೇಲಿನದು ಈ ಅಂಕಣದಲ್ಲಿ ಬರೆಯುವಂಥದ್ದಲ್ಲ.

ಯಾರೋ ದೂರಿದರು. ಕಾರ್ಯದರ್ಶಿಯಾದ ನಾನು ಪರಿಶೀಲಿಸಬೇಕೆಂದು ಕಮಿಟಿ ಹೇಳಿತು. ಪುಸ್ತಕ ಕೆಟ್ಟದ್ದೆಂದಾದರೆ ಬುಧವಾರದ ಓದೇ ಬಂದ್!

ನಾನು ಅರ್ಧಂಬರ್ಧ ಕೆಲಸ ಮಾಡುವವನಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಸ್ನಾನ ಮುಗಿಸಿ, ದಿನಕ್ಕೆ ನಲವತ್ತು ಪುಟ ಓದಿದೆ. ಆಕ್ಷೇಪಿಸಬೇಕಾದ ಪುಟಕ್ಕೊಂದು ಚೀಟಿ ಇಟ್ಟೆ, ನಂಬರು ಹಾಕಿ. ಒಟ್ಟು ಹನ್ನೊಂದು. ಕಮಿಟಿಯವರ ಸಮಯ ಉಳಿಯಲಿ ಎಂದು.

ಉಳಿಯಿತು. ಕಮಿಟಿಯ ಐವರೂ ಪುಸ್ತಕವನ್ನು ಒಂದೊಂದು ದಿನ ಮನೆಗೆ ಒಯ್ದರು. ಇಬ್ಬರು ಎರಡನೇ ಸಲವೂ ಒಯ್ದರು. ಹಿರಿಯರೊಬ್ಬರಂತೂ ದಾರಿಯಲ್ಲಿ ನಿಲ್ಲಿಸಿ ಮೆಲ್ಲಗೆ ಕೇಳಿದರು:

‘ಕಾರ್ಯದರ್ಶಿಗಳ, ಆರನೇ ಚೀಟಿ ಎಲ್ಲೋ ಬಿದ್ದುಹೋಗ್ಯದ. ಯಾವ ಪುಟಾರೀ ಅದು?’

‘ಇನ್ನೂರಾ ಹನ್ನೆರಡು’ ಎಂದುಬಿಟ್ಟೆ. (ಪುಸ್ತಕ ನೋಡದೆ!)

ಸರದಾರನಿಗೂ ಹುಡುಗಿಗೂ ಜಗಳ ಯಾಕೆ ಎಂದು ಅವರನ್ನು ಕೇಳಿದೆ. ‘ಜಗಳ ಎಲ್ಲೆ ಅದರೀ?’ ಎಂದರು.

ಮೊನ್ನೆ ಊಟಕ್ಕೆ ಕೂತಾಗ ಹೆಂಡತಿ ಮೌನ ಮುರಿದಳು. ‘ಅಲ್ರೀ, ಆ ಹುಡುಗಿ ಸರದಾರನ ಮಾರಿ ಮ್ಯಾಲೆ ಬಾಗಲಾ ಹಾಕಿದ್ಲು. ಅಷ್ಟರಾಗ ನೀವು ಪುಸ್ತಕಾ ಕಸಗೊಂಡ್ರಿ. ಮುಂದ ಏನಾತು?’

‘ಬಾಗಲಾ ತಗೀತಾಳ.’

‘ಅಷ್ಟ?’

‘ಏಳನೇ ಚೀಟಿ ಅಲ್ಲೇ ಅದ.’

ಸಾರಿನ ಸೌಟು ಹಿಡಿದೇ ನಕ್ಕಳು. ‘ಬರೇ ಚೀಟಿ ಇದ್ದಲ್ಲೆ ಓದಿದ್ರ ಏನ್ ರುಚಿ ಹತ್ತತದ್ರೀ? ಆಕಿ ಅಷ್ಟು ಬೈದಿದ್ದು ಕೇಳಿದವರಿಗೇ ಆ ಬಾಗಲಾ ತಗದದ್ದು ತಿಳಿಯೋದು.’

ನನ್ನಂಥ ಶಿಸ್ತಿನ ಮನುಷ್ಯನಿಗೆ ಇದು ಹೊಳೆಯಲಿಲ್ಲವಲ್ಲ! ಇನ್ನೂರು ಪುಟದ ಜಗಳವನ್ನು ಸೋಸಿ, ಹನ್ನೊಂದು ಪುಟದ ಪೋಲಿ ಪುಸ್ತಕ ತಯಾರಿಸಿದವನು ನಾನೇ ಅಲ್ಲವೇ?

ಅಂದೇ ರಿಪೋರ್ಟ್ ಬರೆದೆ: ‘ಮೊದಲಿನಿಂದ ಓದಿದರೆ ಆಕ್ಷೇಪವಿಲ್ಲ.’ ಕಮಿಟಿಯವರು ಕೂಡಲೇ ಸಹಿ ಹಾಕಿದರು. ತಕರಾರು ತೆಗೆದಿದ್ದರೆ ತಾವು ಯಾವ ಯಾವ ಪುಟ ಓದಿದೆವೆಂದು ಹೇಳಬೇಕಾಗುತ್ತಿತ್ತು. ಬುಧವಾರದ ಓದು ಉಳಿಯಿತು.

ಪುಸ್ತಕವನ್ನು ಕಮಲಾಳಿಗೆ ಕೊಡುವ ಮುಂಚೆ ಕೂತು ಚೀಟಿಗಳನ್ನು ಒಂದೊಂದಾಗಿ ತೆಗೆಯುತ್ತಿದ್ದೆ. ಹೆಂಡತಿ ಬಂದು ಒಂದನ್ನು ಎತ್ತಿಕೊಂಡಳು.

‘ನಮ್ಮ ಜಗಳಾ ಶುರುವಾಗಿ ಮೂವತ್ತೆಂಟು ವರ್ಷ ಆತಲ್ರೀ. ಇದನ್ನ ಯಾವ ಪುಟಕ್ಕ ಇಡೋಣು?’