ಕಬ್ಬಿಣ ಭರಪೂರ, ಬಾಯಲ್ಲಿ ಬಳಪ

"ಖರೇ ಹೇಳವಾ, ಬಳಪ ತಿನ್ನಾಕತ್ತೀಯೇನು?"

ಡಾಕ್ಟರ್ ಮೇಡಂ ಹೀಗೆ ಕೇಳಿದ್ದೇ ತಡ, ನನ್ನ ತಂಗಿ ಸುನಂದಾ ತಲೆ ತಗ್ಗಿಸಿದಳು. ಅವಳ ಮಗಳು ಒಂಬತ್ತನೇ ಕ್ಲಾಸಿಗೆ ಬಂದ ಮೇಲೂ ಅವರ ಮನೆಗೆ ಬಳಪದ ಡಬ್ಬಿ ಯಾಕೆ ಬರುತ್ತಿತ್ತು ಅಂತ ನನಗೆ ಆಗ ಹೊಳೆಯಿತು!

ಸುನಂದಾ ಇರುವುದು ಕಮಲಾಪುರದಲ್ಲಿ. ಹೋದ ಮಳೆಗಾಲ ಡೆಂಗ್ಯೂ ಬಂದು ಹಾಸಿಗೆ ಹಿಡಿದಳು. ಜ್ವರ ಜೋರಾಗಿದ್ದಾಗಲೇ ಅವಳ ಗಂಡ ವಿಟಮಿನ್ನು, ಕಬ್ಬಿಣ ಎಲ್ಲ ಸೇರಿದ ದೊಡ್ಡ ಪ್ಯಾಕೇಜ್ ಟೆಸ್ಟ್ ಮಾಡಿಸಿದ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವ ಫೆರಿಟಿನ್ ಜಾಸ್ತಿ ಬಂತು.

ಅಷ್ಟೇ... ಮೊದಲಿನಿಂದ ನುಂಗುತ್ತಿದ್ದ ಕಬ್ಬಿಣದ ಗುಳಿಗೆ ಬಂದ್.

ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಏದುಸಿರು. ಅವಳ ಅತ್ತೆಯದು ಒಂದೇ ಮಾತು: "ರಿಪೋರ್ಟಿನ್ಯಾಗ ಎಲ್ಲಾ ಭರಪೂರ ಅದ. ಇಕಿ ನಾಟಕ ಮಾಡಾಕತ್ಯಾಳ."

ದೇವರಿಗಾದರೂ ಎದುರು ಮಾತಾಡಬಹುದು, ರಿಪೋರ್ಟಿಗೆ ಯಾರು ಮಾತಾಡುತ್ತಾರೆ ಹೇಳಿ!

ಸಿಟ್ಟಿಗೆದ್ದು ನಾನೇ ಅವಳನ್ನು ಕಲಬುರಗಿಗೆ ಕರೆತಂದೆ. ಜಗತ್ ಸರ್ಕಲ್ ಹತ್ತಿರದ ಈ ಡಾಕ್ಟರು ರಿಪೋರ್ಟನ್ನು ಬದಿಗಿಟ್ಟು, ಮೊದಲು ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು; ಒಳಗೆ ಕೆಂಪೇ ಇರಲಿಲ್ಲ, ಬಿಳಚಿಕೊಂಡಿತ್ತು. ಉಗುರು ನೋಡಿದರು. ಆಮೇಲೆ ಆ ಬಳಪದ ಪ್ರಶ್ನೆ. ಕಬ್ಬಿಣ ಕಡಿಮೆಯಾದವರಿಗೆ ಬಳಪ, ಮಣ್ಣು ತಿನ್ನುವ ಆಸೆಯಾಗುವುದುಂಟಂತೆ.

"ಹಂಗಾದ್ರ ಲ್ಯಾಬಿನವ್ರು ಸುಳ್ಳು ಬರದಾರೇನ್ರೀ?" ನಾನು ಜಗಳಕ್ಕೇ ನಿಂತೆ.

"ಲ್ಯಾಬಿಂದೇನೂ ತಪ್ಪಿಲ್ರೀ, ಟೆಸ್ಟ್ ಮಾಡ್ಸಿದ ವ್ಯಾಳ್ಯಾ ತಪ್ಪಿತ್ತು. ಊರಾಗ ಕಳ್ಳರು ಬಂದಾರಂದ್ರ ಬಂಗಾರ ಟ್ರಂಕಿನ್ಯಾಗಿಟ್ಟು ಕೀಲಿ ಹಾಕ್ತೀವಲ್ಲ? ಜ್ವರದಾಗ ಮೈನೂ ಕಬ್ಬಿಣ ಹಂಗೇ ಮುಚ್ಚಿಡ್ತದ. ಆವಾಗ ಫೆರಿಟಿನ್ ಉಬ್ಬಿರ್ತದ. ಮೈಯಾಗಿನ ಉರಿಯೂತ ಇಳಿದದೋ ಇಲ್ಲೋ ನೋಡಿ, ಮತ್ತ ಟೆಸ್ಟ್ ಮಾಡೂಣು."

ಮಾಡಿಸಿದೆವು. ಉರಿಯೂತ ಇಳಿದಿತ್ತು. ಫೆರಿಟಿನ್ ತಳ ಮುಟ್ಟಿತ್ತು.

ನಾನಾಗಿದ್ದರೆ ಆ ಗಂಡನಿಗೆ ಫೋನಿನಲ್ಲೇ ನೀರಿಳಿಸುತ್ತಿದ್ದೆ. ಅವನಿಗೆ ಫೋನ್ ಹಚ್ಚಿದ ಮೇಡಂ ಬೈಯಲಿಲ್ಲ. ಅದೇ ಟ್ರಂಕಿನ ಕಥೆಯನ್ನು ಅವನಿಗೂ ಸಮಾಧಾನದಿಂದ ಹೇಳಿ, ಕೊನೆಗೆ ಅಂದರು: "ಆಕಿ ನಾಟಕ ಮಾಡಿಲ್ರೀ. ಆಕೀಗಿ ಖರೇನೇ ತ್ರಾಣ ಇದ್ದಿಲ್ಲ."

ಡೆಂಗ್ಯೂವಿನಲ್ಲೂ ಅಳದ ನನ್ನ ತಂಗಿ ಆಗ ಬಿಕ್ಕಿ ಬಿಕ್ಕಿ ಅತ್ತಳು. ಆ ಡಾಕ್ಟರಮ್ಮನ ಮೇಲೆ ನನಗೆ ಎಷ್ಟು ಗೌರವ ಬಂತೆಂದರೆ... ಕೈ ಮುಗಿದುಬಿಟ್ಟೆ.

ಈಗ ಅತ್ತೆಯೇ ನೆನಪಿಟ್ಟು ಗುಳಿಗೆ ಕೊಡುತ್ತಾರೆ. ಮೊನ್ನೆ ಮೇಡಂಗೆ ಕಮಲಾಪುರದ ಕೆಂಪು ಬಾಳೆಹಣ್ಣನ್ನೂ ಕಳಿಸಿದರು.

ನಿಮ್ಮ ಮನೆಯಲ್ಲಿ "ನಾಟಕ" ಅನ್ನಿಸಿಕೊಳ್ಳುತ್ತಿರುವವಳ ಕಣ್ಣಿನ ಕೆಳರೆಪ್ಪೆಯನ್ನು ಯಾರಾದರೂ ಒಮ್ಮೆ ಎಳೆದು ನೋಡಿದ್ದೀರಾ?